ಕಾಫಿ ಮರುನಾಟಿಗೆ ಎಸ್.795, ಚಂದ್ರಗಿರಿ, ರೋಬಸ್ಟಾ: ಯಾವ ಜಾಗಕ್ಕೆ ಯಾವುದು?

ಮೂಡಿಗೆರೆಯ ಕಾಫಿ ತೋಟದಲ್ಲಿ ಹಳೇ ಗಿಡ ತೆಗೆದು ಯಾವುದು ನೆಡೋದು ಅಂತ ಕೇಳಿದ್ದೀರಿ. ಮೊದಲು ಬಿಳಿ ಕಾಂಡಕೊರಕ, ಅಂದರೆ ಕಾಂಡ ಕೊರೆಯೋ ದುಂಬಿ. ಅರೇಬಿಕಾ ಬೆಳೆಯೋರ ನಿದ್ದೆ ಕೆಡಿಸೋದು ಅದೇ. ಎಸ್.795, ಚಂದ್ರಗಿರಿ ಎರಡೂ ಅರೇಬಿಕಾ ತಳಿಗಳೇ, ಎರಡನ್ನೂ ಅದು ಬಿಡಲ್ಲ. ಕಾಂಡದ ಮೇಲೆ ಬಳೆಯಂಥ ಉಬ್ಬು ಎದ್ದು ಎಲೆ ಹಳದಿಯಾದರೆ, ಆ ಗಿಡ ಕಿತ್ತು ಸುಡಲೇಬೇಕು. ಈ ದುಂಬಿಗೆ ಬಿಸಿಲು ಇಷ್ಟ, ನೆರಳು ಮರ ಸುಮ್ನೆ ಬೋಳಿಸಬೇಡಿ. ಇನ್ನೊಂದು ಜಾತಿಯ ಕಾಫಿ ರೋಬಸ್ಟಾಕ್ಕೆ ಈ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಾಯಿ ಕೊರೆಯೋ ಹುಳು, ಕಾಯಿಕೊರಕ, ಜಾಸ್ತಿ. ಹೂ ಅರಳಿಸೋ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಬೇಕು.

ಎಲೆ ತುಕ್ಕು ರೋಗ ತಡೆಯೋದರಲ್ಲಿ 2007ರಲ್ಲಿ ಬಂದ ಚಂದ್ರಗಿರಿ ಮುಂದೆ. 1940ರ ದಶಕದ ಎಸ್.795ರಲ್ಲೂ ತುಕ್ಕು ತಡೆಯೋ ಲಿಬೆರಿಕಾ ಅನ್ನೋ ಬೇರೆ ಕಾಫಿ ಜಾತಿಯ ರಕ್ತ ಇತ್ತು, ಆದರೂ ಹೊಸ ಬಗೆಯ ತುಕ್ಕು ಬಂದು ಅದರ ಬಲ ಕುಗ್ಗಿತು. ಚಂದ್ರಗಿರಿಗೂ ಹಾಗಾಗಬಹುದು ಅಲ್ವಾ? ಹಾಗಾಗಿ ಇಡೀ ತೋಟಕ್ಕೆ ಒಂದೇ ತಳಿ ನನಗೆ ಸರಿ ಕಾಣಲ್ಲ.

ಎತ್ತರದ ಜಾಗ, ಒಳ್ಳೆ ನೆರಳು, ರುಚಿಗೆ ಬೆಲೆ ಕೊಡೋ ಗಿರಾಕಿ ಇದ್ದರೆ ಎಸ್.795. ಕುಳ್ಳ ಗಿಡ, ಒತ್ತಾದ ನಾಟಿ ಬೇಕಿದ್ದರೆ ಚಂದ್ರಗಿರಿ, ಗೊಬ್ಬರಕ್ಕೆ ಕೈ ಬಿಗಿ ಹಿಡಿಯಬಾರದು ಅಷ್ಟೇ. ತಗ್ಗು, ಕೆರೆ ನೀರು ಇರೋ ಕಡೆ ರೋಬಸ್ಟಾ. ಇನ್ನು, ಚೆನ್ನಾಗಿ ಕಾಯಿ ಬಿಡೋ ಹಳೇ ಗಿಡಗಳನ್ನು ಒಂದು ಪಟ್ಟೆಯಾದರೂ ಉಳಿಸಿಕೊಳ್ಳಿ.