ಉಚಿತ ಪ್ಲಾನ್ ಎತ್ತಿದ ಬಿಲ್ಲಿಂಗ್ ಆ್ಯಪ್: ಯಾವ ಅಂಗಡಿಗೆ ಇನ್ನೂ ಗಿಟ್ಟುತ್ತದೆ?

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯ ಗಲ್ಲಾಗಳ ಪಕ್ಕದಲ್ಲಿ ಓಡುತ್ತಿದ್ದ ಬಿಲ್ಲಿಂಗ್ ಆ್ಯಪ್ ಒಂದು ಉಚಿತ ಪ್ಲಾನ್ ನಿಲ್ಲಿಸಿದೆ. ಹೆಸರು ಬೇಡ, ಬಳಸುವವರಿಗೆ ಗೊತ್ತಾಗುತ್ತದೆ. ಇನ್ನು ಮುಂದೆ ಹೋಲ್‌ಸೇಲ್ ವ್ಯಾಪಾರಿಗಳಷ್ಟೇ ಅದರ ಗಿರಾಕಿಗಳಂತೆ. ಕಂಪನಿಗೂ ಅದರದೇ ಲೆಕ್ಕವಿದೆ: ಕಾಸು ಕೊಡದವರ ಕರೆ ಎತ್ತಲೂ ಸಂಬಳದ ಜನ ಬೇಕು. ಬೈಯುವವರು ಬೈಯಲಿ, ಹೋಲ್‌ಸೇಲ್‌ಗೆ ಆ್ಯಪ್ ಮೊದಲಿಗಿಂತ ಚೆನ್ನಾಗಿದೆ. ಐದಕ್ಕೆ ನಾಲ್ಕು ಕೊಡಬಹುದು. ಚಿಲ್ಲರೆ ಅಂಗಡಿಗೆ ಒಂದೇ.

ಚೀಲ, ಕೆಜಿ ಎರಡೂ ಅಳತೆ ಈಗ ಒಂದೇ ಸಾಲಿನಲ್ಲಿ ಬರುತ್ತವೆ. ಹಮಾಲಿ, ಲಾರಿ ಬಾಡಿಗೆಗೆ ಬೇರೆ ಸಾಲು. ಉದ್ರಿ ಬಾಕಿ 30 ದಿನದ್ದು, 60 ದಿನದ್ದು ಎಂದು ವಿಂಗಡಣೆಯಾಗುತ್ತದೆ. 50,000 ರೂಪಾಯಿ ಮೀರಿದ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್, 5 ಕೋಟಿ ವಹಿವಾಟು ದಾಟಿದವರಿಗೆ 2023ರ ಆಗಸ್ಟ್‌ನಿಂದ ಕಡ್ಡಾಯವಾದ, ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುವ ಇ-ಇನ್‌ವಾಯ್ಸ್ ಎರಡನ್ನೂ ಬಿಲ್ಲಿನ ಪರದೆಯಿಂದಲೇ ತೆಗೆಯಬಹುದು. ದಾರಿಯಲ್ಲಿ ಲಾರಿ ಬದಲಾದರೆ ಮಾತ್ರ ಇ-ವೇ ಬಿಲ್ಲಿನ ಪಾರ್ಟ್-ಬಿ, ಅಂದರೆ ವಾಹನದ ವಿವರ, ತಿದ್ದಲು ಸರ್ಕಾರದ ಪೋರ್ಟಲ್‌ಗೇ ಹೋಗಬೇಕು.

ಕಿರಾಣಿ, ಖಾನಾವಳಿ, ಮಂಡಕ್ಕಿ ಅಂಗಡಿಯವರ ಕಥೆ ಬೇರೆ. ತೆರಿಗೆ ಸೇರಿಸದೆ ಕೊಡುವ ಬಿಲ್ಲಾದ ‘ಬಿಲ್ ಆಫ್ ಸಪ್ಲೈ’ ನಮೂನೆಯನ್ನೇ ತೆಗೆದುಹಾಕಿದ್ದಾರೆ. ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಇಂತಿಷ್ಟು ಶೇಕಡಾ ಎಂದು ಜಿಎಸ್‌ಟಿ ಕಟ್ಟುವ ಯೋಜನೆ) ಇರುವವರು ಟ್ಯಾಕ್ಸ್ ಇನ್‌ವಾಯ್ಸ್ ಕೊಡುವಂತೆಯೇ ಇಲ್ಲ. ತೆರಿಗೆ ಸೊನ್ನೆ ಹಾಕಿ ಇನ್‌ವಾಯ್ಸ್ ಕೊಟ್ಟರಾಯಿತು ಎಂದು ಸಲಹೆ ಕೊಡುವವರಿದ್ದಾರೆ, ಕೇಳಬೇಡಿ. ಚಂದಾದ ಮೇಲಿನ 18% ಜಿಎಸ್‌ಟಿ ಹೋಲ್‌ಸೇಲ್‌ನವರಿಗೆ ಇನ್‌ಪುಟ್ ಕ್ರೆಡಿಟ್ ಆಗಿ, ತಾವು ಕಟ್ಟುವ ತೆರಿಗೆಯಲ್ಲಿ ಕಳೆಯುತ್ತದೆ; ಕಾಂಪೋಸಿಷನ್‌ನವರಿಗೆ ಅದೂ ಕೈಯಿಂದಲೇ ಖರ್ಚು. ಗಿರಾಕಿಗೆ ಜಿಎಸ್‌ಟಿ ನೋಂದಣಿ ಇಲ್ಲದೆ, ಬಿಲ್ ಕೇಳದೇ ಇದ್ದರೆ 200 ರೂಪಾಯಿಗಿಂತ ಕಡಿಮೆಯ ಮಾರಾಟಕ್ಕೆ ಬಿಡಿ ಬಿಲ್ ಬೇಕಿಲ್ಲ, ದಿನದ ಕೊನೆಗೆ ಒಟ್ಟು ಬಿಲ್ ಒಂದು ಬರೆದರೆ ಸಾಕು. ಸೇರಿನ ಲೆಕ್ಕದಲ್ಲಿ ಮಂಡಕ್ಕಿ ಮಾರುವವರಿಗೆ ಅಚ್ಚು ಹಾಕಿಸಿದ ಬಿಲ್ ಪುಸ್ತಕವೇ ಅಗ್ಗ.

ಬಿಟ್ಟು ಹೋಗುವವರು ‘ಬ್ಯಾಕಪ್’ ಒತ್ತಿ ಸುಮ್ಮನಾಗಬೇಡಿ. ಆ ಫೈಲು ಇದೇ ಆ್ಯಪ್‌ನಲ್ಲಿ ಮಾತ್ರ ತೆರೆಯುತ್ತದೆ. ಐಟಂ ಪಟ್ಟಿ, ಪಾರ್ಟಿ ಲೆಜರ್, ಬಾಕಿ ಬಿಲ್ಲು, ಸ್ಟಾಕ್ ನಾಲ್ಕನ್ನೂ ಸಿಎಸ್‌ವಿಯಾಗಿ (ಬೇರೆ ಸಾಫ್ಟ್‌ವೇರ್‌ನಲ್ಲೂ ತೆರೆಯುವ ಸಾದಾ ಪಟ್ಟಿ ಫೈಲು) ಬೇರೆ ಬೇರೆ ಇಳಿಸಿಕೊಳ್ಳಿ. ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ‘ತೊಗರಿಬೇಳೆ’ ಇದ್ದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣಬಹುದು, ಬೇಳೆಯ ಎಚ್‌ಎಸ್‌ಎನ್ (ಜಿಎಸ್‌ಟಿಯ ಸರಕು ಸಂಕೇತ) 0713 ಹೋಗಿ 713 ಆಗುತ್ತದೆ, 13 ಅಂಕಿಯ ಬಾರ್‌ಕೋಡ್ 8.9ಇ+12 ಎಂದು ಕುಗ್ಗುತ್ತದೆ. ಹಾಗೇ ಸೇವ್ ಮಾಡಿದರೆ ಆ ಅಂಕಿಗಳು ಮತ್ತೆ ಸಿಗುವುದಿಲ್ಲ. ಖಾಲಿ ಶೀಟ್ ತೆರೆದು, ಡೇಟಾ ಮೆನುವಿನ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ಯಿಂದ ಫೈಲು ಆರಿಸಿ, ಫೈಲ್ ಒರಿಜಿನ್‌ನಲ್ಲಿ 65001 ಯುಟಿಎಫ್-8, ಡೇಟಾ ಟೈಪ್ ಡಿಟೆಕ್ಷನ್‌ನಲ್ಲಿ ‘ಡು ನಾಟ್ ಡಿಟೆಕ್ಟ್’ ಇಟ್ಟು ಲೋಡ್ ಮಾಡಿ. ಸೊನ್ನೆಯೂ ಉಳಿಯುತ್ತದೆ, ಕನ್ನಡವೂ ಉಳಿಯುತ್ತದೆ.

ಹೊಸ ಸಾಫ್ಟ್‌ವೇರ್‌ಗೆ ಪಾರ್ಟಿಯ ಒಟ್ಟು ಬಾಕಿಯನ್ನು ಒಂದೇ ಮೊತ್ತವಾಗಿ ಏರಿಸಬೇಡಿ, ಬಿಲ್ಲುವಾರು ಏರಿಸಿ. ಇಲ್ಲದಿದ್ದರೆ ಯಾವ ಉದ್ರಿ ಎಷ್ಟು ಹಳೆಯದು ಎಂಬುದೇ ಅಳಿಸಿಹೋಗುತ್ತದೆ, ವಸೂಲಿಗೆ ಹೋದವನು ಬಾಯಿ ಮುಚ್ಚಿಕೊಂಡು ಬರಬೇಕಾಗುತ್ತದೆ. ಒಂದೇ ಹಣಕಾಸು ವರ್ಷದಲ್ಲಿ ಬಿಲ್ ನಂಬರ್ ಮರುಕಳಿಸುವಂತಿಲ್ಲ. ನಡುವರ್ಷದಲ್ಲಿ ಬದಲಾಯಿಸುವವರು ಹೊಸ ಅಕ್ಷರ ಸೇರಿಸಿ ಬೇರೆ ಸರಣಿ ಶುರು ಮಾಡಬೇಕು, ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ ಒಟ್ಟು 16 ಮೀರಬಾರದು. ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆ ಇಟ್ಟಿರಬೇಕು. ಹಾಗಾಗಿ ಹಳೇ ಬಿಲ್ಲುಗಳ ಪಿಡಿಎಫ್‌ಗಳನ್ನೂ ವರ್ಷವಾರು ಇಳಿಸಿ, ಒಂದು ಪ್ರತಿ ಅಂಗಡಿಯ ಕಂಪ್ಯೂಟರ್‌ನಲ್ಲಿ, ಇನ್ನೊಂದು ಆಡಿಟರ್ ಬಳಿ ಇರಲಿ.