ಮೂರು ಬೈಂಡಿಂಗ್, ಒಂದೇ ಬೂಟು: ಹತ್ತಿ ಇಳಿದು ನೋಡಿದ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ಬೂಟನ್ನು ಸ್ಕೀಗೆ ಹಿಡಿದಿಡುವ ಈ ಮೂರು ಬೈಂಡಿಂಗ್‌ಗಳಲ್ಲಿ ನಾನು ಉಳಿಸಿಕೊಂಡಿದ್ದು ತೂಕದಲ್ಲಿ ನಡುವಿನದ್ದು. ಆದರೆ ಅಲ್ಲಿಗೆ ಬರೋಕೆ ಒಂದಿಡೀ ಚಳಿಗಾಲ ಬೇಕಾಯಿತು. ಶುರುವಿನಲ್ಲಿ ನಾನೂ ತಕ್ಕಡಿ ನೋಡಿಯೇ ಮರುಳಾಗಿದ್ದೆ.

ಲಿಫ್ಟ್ ಇಲ್ಲದ ಬೆಟ್ಟಕ್ಕೆ ಹೋಗುವವರ ಬೈಂಡಿಂಗ್‌ಗೆ ಮೂರು ಕೆಲಸ. ಹತ್ತುವಾಗ ಹಿಮ್ಮಡಿ ಏಳಲು ಬಿಡಬೇಕು, ಇಳಿಯುವಾಗ ಬಿಗಿಯಾಗಿ ಹಿಡಿಯಬೇಕು, ಬಿದ್ದರೆ ಕಾಲು ಮುರಿಯುವ ಮೊದಲು ಬಿಟ್ಟುಬಿಡಬೇಕು. ಹಳೆಯ ಫ್ರೇಮ್ ಬೈಂಡಿಂಗ್‌ನಲ್ಲಿ ಪ್ರತಿ ಹೆಜ್ಜೆಗೂ ಬೂಟಿನ ಜೊತೆ ಇಡೀ ಚೌಕಟ್ಟೇ ಮೇಲೇಳುತ್ತಿತ್ತು. ಇದಕ್ಕೆ 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ ಒಂದು ದಾರಿ ಹುಡುಕಿದರು. ಬೂಟಿನ ತುದಿಯ ಎರಡೂ ಪಕ್ಕ ಲೋಹದ ಸಣ್ಣ ಗುಳಿ, ಅದರೊಳಗೆ ಕೂರುವ ಎರಡು ಪಿನ್, ಹಿಮ್ಮಡಿಗೆ ಇನ್ನೆರಡು ಪಿನ್, ಅಷ್ಟೇ. ಡೈನಾಫಿಟ್ ಅದನ್ನು ಮಾರಾಟಕ್ಕೆ ತಂದಿತು, ಪೇಟೆಂಟ್ ಮುಗಿದ ಮೇಲೆ ಎಲ್ಲರೂ ಮಾಡತೊಡಗಿದರು. ಇದರಲ್ಲಿ ಏಳುವುದು ಬೂಟು ಮಾತ್ರ, ಬೈಂಡಿಂಗ್ ಸ್ಕೀ ಮೇಲೇ ಕೂತಿರುತ್ತದೆ. ಹಾಗಾಗಿ ಅದರ ತೂಕವನ್ನು ನಾವು ಹೆಚ್ಚಾಗಿ ಜಾರಿಸುತ್ತೇವೆ, ಎತ್ತುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾನು ಹಾಕಿ ನೋಡಿದ್ದು ಮೂರು ಜಾತಿ. ಒಂದು ಜೋಡಿ ನನ್ನದು, ಎರಡು ಸಾಲ ತಂದದ್ದು, ಬೂಟು ಮಾತ್ರ ಒಂದೇ. ಒಂದು ರೇಸ್ ಜಾತಿಯದ್ದು, ಕಾಲಿಗೆ ಸುಮಾರು 150 ಗ್ರಾಂ. ಇನ್ನೊಂದು ಟೂರಿಂಗ್ ಪಿನ್, ಬ್ರೇಕ್ (ಕಳಚಿದ ಸ್ಕೀ ಜಾರಿ ಹೋಗದಂತೆ ಹಿಮಕ್ಕೆ ಊರುವ ಕಡ್ಡಿಗಳು) ಬಿಟ್ಟು 300ರ ಹತ್ತಿರ, ಬ್ರೇಕ್ ಸೇರಿದರೆ 400. ಮತ್ತೊಂದು ಹೈಬ್ರಿಡ್: ಹತ್ತುವಾಗ ಪಿನ್, ಇಳಿಯುವಾಗ ಸಾಮಾನ್ಯ ಸ್ಕೀ ಬೈಂಡಿಂಗ್‌ನ ಹಾಗೆ ಬೂಟಿನ ಮೂತಿಯನ್ನೇ ಹಿಡಿಯುತ್ತದೆ, 900 ಗ್ರಾಂ ಹತ್ತಿರ. ಕಂಪನಿ ಹೆಸರು ಬೇಡ, ಜಾತಿ ನೋಡಿದರೆ ಸಾಕು.

ಹತ್ತೋದರಲ್ಲಿ ರೇಸ್‌ಗೆ ಎದುರಿಲ್ಲ. ಆದರೆ ವಿಚಿತ್ರ ಅಂದರೆ, ನೇರ ಏರಿನಲ್ಲಿ ನನಗೆ ಅಂದುಕೊಂಡಷ್ಟು ವ್ಯತ್ಯಾಸ ಕಾಣಲಿಲ್ಲ, ಆಗಲೇ ಹೇಳಿದೆನಲ್ಲ, ಜಾರಿಸುವ ತೂಕ ಅಷ್ಟು ಕಾಡುವುದಿಲ್ಲ. ಗೊತ್ತಾಗಿದ್ದು ತಿರುವಿನಲ್ಲಿ. ಕಡಿದಾದ ಕಡೆ ಸ್ಕೀಯನ್ನು ಪೂರ್ತಿ ಎತ್ತಿ, ಬಾಲ ಒದ್ದು, ಆಚೆ ದಿಕ್ಕಿಗೆ ತಿರುಗಿಸಿ ಇಡಬೇಕು, ಅಂಥ ಮೂವತ್ತು ನಲವತ್ತು ತಿರುವು ಆದಮೇಲೆ ಹೈಬ್ರಿಡ್ ಹಾಕಿದ ದಿನ ನನ್ನ ತೊಡೆ ಸೋತು ಹೋಗಿತ್ತು. ಆಳವಾದ ಹೊಸ ಹಿಮದಲ್ಲಿ ಮುಂದೆ ನಿಂತು ದಾರಿ ತುಳಿಯುವಾಗಲೂ ಅಷ್ಟೇ, ಅಲ್ಲಿ ಪ್ರತಿ ಹೆಜ್ಜೆಯೂ ಎತ್ತುವುದೇ.

ರೇಸ್‌ನ ತೊಂದರೆ ಬೇರೆ. ಹಿಮ್ಮಡಿ ಪಿನ್‌ಗಳ ಮೇಲೆ ಒಂದು ಪುಟ್ಟ ಲೋಹದ ರೆಪ್ಪೆ ಬೀಳುತ್ತದೆ, ಅದರ ಮೇಲೆ ಬೂಟು ಊರಿ ನಡೆಯಬೇಕು. ಎತ್ತರ ಒಂದೇ. ಏರು ಜಾಸ್ತಿಯಾದರೆ ಇನ್ನೂ ಎತ್ತರದ ಮೆಟ್ಟಿಲಿಲ್ಲ, ಮೀನಖಂಡ ಉರಿಯುತ್ತದೆ. ನಡುವಿನದ್ದರಲ್ಲಿ ಚಪ್ಪಟೆ, ಮಧ್ಯಮ, ಎತ್ತರ ಮೂರೂ ಇದ್ದವು, ಕೋಲಿನ ತುದಿಯಿಂದ ತಟ್ಟಿದರೆ ಬದಲಾಗುತ್ತಿತ್ತು. ಈ ಸಣ್ಣ ಸವಲತ್ತಿಗೆ 150 ಗ್ರಾಂ ಕೊಡೋಕೆ ನಾನಂತೂ ತಯಾರು.

ಈಗ ತುದಿಗೆ ಬಂದಿರಿ ಅಂದುಕೊಳ್ಳಿ. ಗಾಳಿ ಬೀಸುತ್ತಿದೆ, ಬೆವರು ತಣ್ಣಗಾಗುತ್ತಿದೆ, ಕೈಗವಸು ದಪ್ಪ. ಇಳಿಯೋಕೆ ಸಜ್ಜಾಗಲು ರೇಸ್ ಮತ್ತು ನಡುವಿನದ್ದು ಎರಡರಲ್ಲೂ ನನಗೆ ಎರಡು ನಿಮಿಷ ಸಾಕಾಗುತ್ತಿತ್ತು, ಅಭ್ಯಾಸ ಇದ್ದವರು ಸ್ಕೀ ಕಳಚದೇನೇ ಸ್ಕಿನ್ (ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಅಂಟಿಸುವ ಪಟ್ಟಿ) ಎಳೆದುಬಿಡುತ್ತಾರೆ. ನನ್ನ ಹೈಬ್ರಿಡ್‌ನಲ್ಲಿ ಕಳಚಲೇಬೇಕು, ಮುಂದಿನ ಭಾಗವನ್ನು ಕೈಯಿಂದ ಮಡಚಿ ಇಳಿಯುವ ಸ್ಥಿತಿಗೆ ತರಬೇಕು, ಮಡಚುವ ಜಾಗದಲ್ಲಿ ಹಿಮ ಸೇರಿದ್ದರೆ ಮೊದಲು ಅದನ್ನು ಕೆರೆಯಬೇಕು. ಒಂದು ದಿನ ಹತ್ತುವಾಗಲೇ ಅದರ ಬ್ರೇಕ್ ತಾನಾಗಿ ಕೆಳಗಿಳಿದು ಹಿಮದಲ್ಲಿ ಕೊರೆಯುತ್ತಾ ಬಂತು. ಸ್ಕಿನ್ ಹಾಳಾಗಿದೆ ಅಂತ ನಾನು ಅರ್ಧ ಗಂಟೆ ಸ್ಕಿನ್‌ಗೇ ಬೈದೆ.

ಹಿಮ ಕಟ್ಟುವ ಕಾಟ ಪಿನ್ ಜಾತಿಗೂ ತಪ್ಪಿದ್ದಲ್ಲ. ಪಿನ್ ಹೊತ್ತ ಮುಂದಿನ ಎರಡು ರೆಕ್ಕೆಗಳ ಅಡಿ ಮಂಜು ಗಟ್ಟಿಯಾಗಿ ಕೂತರೆ ಪಿನ್ ಗುಳಿಗೆ ಸೇರಿದ ಹಾಗೆ ಕಾಣುತ್ತದೆ, ಟಕ್ ಅಂತ ಸದ್ದೂ ಬರುತ್ತದೆ, ಆದರೆ ಪೂರ್ತಿ ಮುಚ್ಚಿರುವುದಿಲ್ಲ. ಮೊದಲ ತಿರುವಿಗೇ ಕಳಚಿಕೊಳ್ಳುತ್ತದೆ. ನಾನು ಮಾಡುವುದಿಷ್ಟೇ: ಕೋಲಿನ ಮೊನೆಯಿಂದ ರೆಕ್ಕೆಯ ಅಡಿ ಕೆದಕಿ, ಬೂಟು ಕೂರಿಸಿ, ಮುಂದಿನ ಲಿವರನ್ನು ನಡೆಯುವ ಸ್ಥಿತಿಗೆ ಮೇಲೆಳೆದು, ಹಿಮ್ಮಡಿಯನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸುತ್ತೇನೆ. ಗುಳಿಯೊಳಗಿನ ಹಿಮ ಪುಡಿಯಾಗಿ ಉದುರುತ್ತದೆ. ಆಮೇಲೆ ಲಿವರ್ ಒಂದು ಮೆಟ್ಟಿಲು ಕೆಳಗೆ. ಇದನ್ನು ಮರೆಯಬೇಡಿ. ಲಿವರ್ ನಡೆಯುವ ಸ್ಥಿತಿಯಲ್ಲೇ ಇದ್ದರೆ ಬೈಂಡಿಂಗ್ ಬೂಟನ್ನು ಬಿಡಬೇಕಾದಾಗ ಬಿಡುವುದಿಲ್ಲ, ಹಿಮಕುಸಿತದಲ್ಲಂತೂ ಸ್ಕೀ ನಿಮ್ಮನ್ನು ಕೆಳಕ್ಕೆಳೆಯುತ್ತದೆ. ಒಮ್ಮೆ ಅರ್ಧ ಇಳಿದ ಮೇಲೆ ಕೆಳಗೆ ನೋಡಿದರೆ ಎರಡೂ ಲಿವರ್ ಮೇಲೇ ಇದ್ದವು. ಎದೆ ಧಸಕ್ ಅಂದಿತು.

ಇಳಿಯುವಾಗ ಹೈಬ್ರಿಡ್ ರಾಜ, ಅದರಲ್ಲಿ ಎರಡು ಮಾತಿಲ್ಲ. ಗಟ್ಟಿ ಹಿಮದ ಮೇಲೆ ಸ್ಕೀ ಕಟಕಟ ಅನ್ನುವಾಗ ಆ ಪೆಟ್ಟನ್ನು ಅದು ನುಂಗಿಕೊಳ್ಳುತ್ತದೆ. ಪಿನ್‌ನಲ್ಲಿ ಅದೇ ಪೆಟ್ಟು ನೇರ ಮೊಣಕಾಲಿಗೆ. ಪುಡಿ ಹಿಮದಲ್ಲಿ ಮಾತ್ರ ಮೂರಕ್ಕೂ ವ್ಯತ್ಯಾಸ ಹುಡುಕುವುದು ಕಷ್ಟ, ಮತ್ತೆ ನಾವು ಅಷ್ಟು ಹತ್ತಿ ಹೋಗೋದು ಪುಡಿ ಹಿಮಕ್ಕೇ ಅಲ್ವಾ.

ಬಿಡುಗಡೆಯ ವಿಷಯ ಜನ ಸುಮ್ನೆ ತೇಲಿಸಿಬಿಡುತ್ತಾರೆ. ಸಾಮಾನ್ಯ ಸ್ಕೀ ಬೈಂಡಿಂಗ್ ಬೂಟನ್ನು ಪಕ್ಕಕ್ಕೆ ಬಿಡುವುದು ಮುಂದಿನಿಂದ, ಹೆಚ್ಚಿನ ಪಿನ್ ಬೈಂಡಿಂಗ್ ಬಿಡುವುದು ಹಿಮ್ಮಡಿಯಿಂದ. ಫ್ರಿಟ್ಷಿ ಟೆಕ್ಟನ್ ತರಹದ ಕೆಲವು ಪಿನ್‌ಗಳು ಮಾತ್ರ ಮುಂದಿನಿಂದ ಬಿಡುತ್ತವೆ. ರೇಸ್‌ನಲ್ಲಿ ಇನ್ನೂ ಒಂದು ತಕರಾರು: ಹಿಂದಿನ ಹಿಡಿತ ಯು ಆಕಾರದ ಉಕ್ಕಿನ ಸ್ಪ್ರಿಂಗ್, ನಾನು ತಂದಿದ್ದರಲ್ಲಿ ಬಿಡುಗಡೆಯ ಅಂಕಿ (ಹೆಚ್ಚಿದಷ್ಟೂ ಹಿಡಿತ ಬಿಗಿ) 8ಕ್ಕೆ ಗಂಟುಬಿದ್ದಿತ್ತು. ನನಗೆ 7 ಸಾಕು. ತಿರುಗಿಸೋಕೆ ಸ್ಕ್ರೂ ಇಲ್ಲ. ಬಿಡುತ್ತೋ ಇಲ್ಲವೋ ಅನ್ನುವ ಯೋಚನೆಯಲ್ಲೇ ನಾನು ಆ ಜೋಡಿಯಲ್ಲಿ ಅಂಜುತ್ತಾ ಇಳಿದೆ, ಪ್ರತಿ ತಿರುವೂ ಅರ್ಧಂಬರ್ಧ. ನಡುವಿನದ್ದರಲ್ಲಿ ಮುಂದಕ್ಕೆ ಬಿಡುವುದಕ್ಕೊಂದು, ಪಕ್ಕಕ್ಕೆ ಬಿಡುವುದಕ್ಕೊಂದು ಬೇರೆ ಬೇರೆ ಸ್ಕ್ರೂ ಇದ್ದವು. ಎರಡನ್ನೂ 7ಕ್ಕೆ ಇಟ್ಟೆ, ಮನಸ್ಸು ನಿರಾಳ.

ಬ್ರೇಕ್ ಬೇಕಾ? ರೇಸ್‌ನಲ್ಲಿ ಇರಲೇ ಇಲ್ಲ, ಕಾಲಿಗೆ ಲೀಶ್, ಅಂದರೆ ಸ್ಕೀಯನ್ನು ಬೂಟಿಗೆ ಬಿಗಿಯುವ ದಾರ, ಕಟ್ಟಿದೆ. ಲೀಶ್ ಇದ್ದರೆ ಸ್ಕೀ ಕಣಿವೆಗೆ ಹೋಗುವುದಿಲ್ಲ, ಆದರೆ ಕುಸಿತದಲ್ಲಿ ಅದೂ ಲಂಗರೇ. ಜೋರಾಗಿ ಎಳೆದರೆ ಹರಿಯುವ ಲೀಶ್ ಸಿಗುತ್ತವೆ, ಕಟ್ಟುವುದಾದರೆ ಅದನ್ನೇ ಕಟ್ಟಿ. ನಾನು ಬ್ರೇಕ್‌ಗೇ ಹೋದೆ, 100 ಗ್ರಾಂ ಹೋದರೆ ಹೋಗಲಿ.

ಇನ್ನೊಂದು, ಕೊಳ್ಳುವ ಮೊದಲು. ಸ್ಕ್ರೂ ತೂತಿನ ಜಾಗ ಒಂದೊಂದು ಮಾದರಿಗೆ ಒಂದೊಂದು ಥರ. ಬದಲಿಸುತ್ತಾ ಹೋದರೆ ತೂತುಗಳು ಹತ್ತಿರ ಹತ್ತಿರ ಬಿದ್ದು ಸ್ಕೀ ಸೊರಗುತ್ತದೆ, ಹಾಗಾಗಿ ಮೊದಲು ಸಾಲ ತಂದು ನೋಡಿ. ಬೂಟಿನ ಹಿಮ್ಮಡಿಗೂ ಬೈಂಡಿಂಗ್‌ಗೂ ನಡುವೆ ಎಷ್ಟು ಸಂದು ಬೇಕು ಅನ್ನುವುದೂ ಮಾದರಿಗೆ ತಕ್ಕ ಹಾಗೆ, ನನ್ನದಕ್ಕೆ 4 ಮಿಲಿಮೀಟರ್. ಸ್ಕೀ ಬಾಗಿದಾಗ ಆ ಸಂದು ಕಿರಿದಾಗುತ್ತದೆ. ಕಣ್ಣಳತೆ ಸಾಲದು, ಜೊತೆಗೆ ಬಂದ ಗೇಜ್ ಇಟ್ಟೇ ನೋಡಬೇಕು.

ಹೆಚ್ಚು ಹೊತ್ತು ಲಿಫ್ಟ್‌ನಲ್ಲೇ ಹೋಗಿ, ಆಗೊಮ್ಮೆ ಈಗೊಮ್ಮೆ ಒಂದು ಗಂಟೆ ಹತ್ತುವವರು ಹೈಬ್ರಿಡ್ ತೊಗೊಳ್ಳಿ, ಎರಡು ಯೋಚನೆ ಬೇಡ. ನಾನು ದಿನವಿಡೀ ಹತ್ತುವವನು, ನನಗದು ಭಾರ. ರೇಸ್ ಜೋಡಿಯನ್ನು ಗೆಳೆಯನಿಗೆ ವಾಪಸ್ ಕೊಟ್ಟೆ. ಕೊಡುವಾಗ ಒಂದು ಸಲ ಅಂಗೈಯಲ್ಲಿಟ್ಟು ತೂಗಿ ನೋಡಿದೆ, ಸುಳ್ಳು ಯಾಕೆ ಹೇಳಲಿ.