'ಅನಿಮಲ್ ಫಾರ್ಮ್': ಅನುಬಂಧಗಳಿರುವ ಪ್ರತಿಯನ್ನೇ ಕೊಳ್ಳಿ

ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ತೀರಿಕೊಂಡದ್ದು 1950ರಲ್ಲಿ. ಭಾರತದಲ್ಲಿ ಅವರ ಕೃತಿಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ 1945ರ ಈ ಕಿರುಕಾದಂಬರಿಯ ಅಗ್ಗದ ಮುದ್ರಣಗಳು ಈಗ ಧಾರಾಳವಾಗಿ ಸಿಗುತ್ತವೆ. ಆದರೂ ಮಾಲ್ಕಮ್ ಬ್ರಾಡ್‌ಬರಿಯವರ ಪ್ರಸ್ತಾವನೆಯಿರುವ ಪೆಂಗ್ವಿನ್ ಮಾಡರ್ನ್ ಕ್ಲಾಸಿಕ್ಸ್ ಆವೃತ್ತಿಯನ್ನೇ ಕೊಳ್ಳಿರೆಂದು ಒತ್ತಾಯಿಸುತ್ತೇನೆ. ಕಾರಣ, ಅದರ ಕೊನೆಯಲ್ಲಿರುವ ಎರಡು ಅನುಬಂಧಗಳು.

ಒಡೆಯನನ್ನು ಓಡಿಸಿದ ಪ್ರಾಣಿಗಳ ಮೇಲೆ ಹಂದಿಗಳೇ ಹೊಸ ಒಡೆಯರಾಗುವುದರ ಮೂಲಕ, ರಷ್ಯಾದ ಕ್ರಾಂತಿ ಸ್ಟಾಲಿನ್‌ನ ಸರ್ವಾಧಿಕಾರವಾಗಿ ಮಾರ್ಪಟ್ಟ ಬಗೆಯನ್ನು ಹೇಳುವ ಈ ರೂಪಕಕಥೆಯನ್ನು, ಸಮಾಜವಾದವೇ ತಪ್ಪೆಂದು ಲೇಖಕರು ಕೊಟ್ಟ ತೀರ್ಪು ಎಂಬಂತೆ ಓದಿದವರು ಬಹಳ ಮಂದಿ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಹಣದಿಂದ ತಯಾರಾದ 1954ರ ಅನಿಮೇಷನ್ ಚಿತ್ರವಂತೂ, ಹಂದಿಗೂ ಮನುಷ್ಯನಿಗೂ ಭೇದ ಕಾಣದಾಗುವ ಕೊನೆಯ ದೃಶ್ಯದಿಂದ ಮನುಷ್ಯರನ್ನೇ ಕೈಬಿಟ್ಟಿತು. ಕುಡುಕ ಒಡೆಯ ಜೋನ್ಸ್ ಮೇವು ಹಾಕದೆ ಕೆಡವಿದ್ದ ಪ್ರಾಣಿಗಳ ದಂಗೆ ನ್ಯಾಯವಾದದ್ದೇ ಎಂದು ಕಥೆ ತೋರಿಸುತ್ತದೆ. ಆದರೆ ರೂಪಕ ತನ್ನ ಅರ್ಥವನ್ನು ತಾನೇ ಕಾಯ್ದುಕೊಳ್ಳಲಾರದು.

ಇಲ್ಲಿ ನೆರವಾಗುವುದು ಅನುಬಂಧಗಳಲ್ಲೊಂದಾದ, 1947ರ ಉಕ್ರೇನಿಯನ್ ಅನುವಾದಕ್ಕೆ ಆರ್ವೆಲ್ ಬರೆದ ಮುನ್ನುಡಿ. ಸ್ಪೇನಿನ ಅಂತರ್ಯುದ್ಧದಲ್ಲಿ ಗಂಟಲಿಗೆ ಗುಂಡು ತಗುಲಿಯೂ ಬದುಕುಳಿದು, ಆಮೇಲೆ ಕಮ್ಯುನಿಸ್ಟರ ಬೇಟೆಯಿಂದ ತಪ್ಪಿಸಿಕೊಂಡು ಬಂದ ಅವರು, ಸಮಾಜವಾದಿ ಚಳವಳಿ ಮತ್ತೆ ಚೇತರಿಸಿಕೊಳ್ಳಬೇಕಾದರೆ ಸೋವಿಯತ್ ರಷ್ಯಾ ಸಮಾಜವಾದಿ ದೇಶವೆಂಬ ಭ್ರಮೆ ಅಳಿಯಲೇಬೇಕೆಂದು ಅಲ್ಲಿ ನೇರವಾಗಿ ಬರೆದಿದ್ದಾರೆ. ಚಿಕ್ಕ ಹುಡುಗನೊಬ್ಬ ದೈತ್ಯಾಕಾರದ ಬಂಡಿಕುದುರೆಯನ್ನು ಹೊಡೆಯುತ್ತ ಸಾಗಿದ್ದನ್ನು ಕಂಡಾಗ ಈ ಕಥೆ ಹೊಳೆಯಿತೆಂದೂ, ಪ್ರಾಣಿಗಳನ್ನು ಮನುಷ್ಯರು ದುಡಿಸಿಕೊಳ್ಳುವುದು ಬಡವರನ್ನು ಸಿರಿವಂತರು ದುಡಿಸಿಕೊಳ್ಳುವಂತೆಯೇ ಎಂದು ಆಗ ಅನಿಸಿತೆಂದೂ ಹೇಳುತ್ತಾರೆ. ಕೊನೆಯ ದೃಶ್ಯವನ್ನು ಹಂದಿಗಳೂ ಮನುಷ್ಯರೂ ರಾಜಿಯಾದರೆಂದು ಓದಬಾರದು, 1943ರ ಟೆಹರಾನ್ ಸಮ್ಮೇಳನದಲ್ಲಿ ಸೋವಿಯತ್ ಒಕ್ಕೂಟಕ್ಕೂ ಪಾಶ್ಚಾತ್ಯ ರಾಷ್ಟ್ರಗಳಿಗೂ ನಡುವೆ ಕಂಡ ಸ್ನೇಹ ಬಾಳದೆಂದು ನಂಬಿ ಅದನ್ನು ಜಗಳದಲ್ಲೇ ಮುಗಿಸಿದೆ ಎಂಬ ವಿವರಣೆಯೂ ಅಲ್ಲಿದೆ. ಇದನ್ನು ಓದಿದ ಮೇಲೆ ನನಗೆ ಕೊನೆಯ ಅಧ್ಯಾಯವೇ ಬೇರೆಯಾಗಿ ಕಂಡಿತು.

ಇನ್ನೊಂದು ಅನುಬಂಧ, ಆರ್ವೆಲ್ ಬದುಕಿದ್ದಾಗ ಅಚ್ಚಾಗದೆ 1972ರಲ್ಲಿ ಬೆಳಕು ಕಂಡ ಪತ್ರಿಕಾ ಸ್ವಾತಂತ್ರ್ಯದ ಕುರಿತ ಮುನ್ನುಡಿ. ಯುದ್ಧಕಾಲದ ಮಿತ್ರರಾಷ್ಟ್ರವಾದ ಸೋವಿಯತ್ ಒಕ್ಕೂಟವನ್ನು ಟೀಕಿಸದೆ ತಾವಾಗಿಯೇ ಬಾಯಿ ಮುಚ್ಚಿಕೊಂಡ ಬ್ರಿಟಿಷ್ ಬುದ್ಧಿಜೀವಿಗಳ ಮೇಲೆ ಅವರಿಗಿದ್ದ ಸಿಟ್ಟು ಅದರ ಸಾಲುಸಾಲಿನಲ್ಲೂ ಇದೆ.

ಅವರ ನ್ಯಾಯಬುದ್ಧಿಗೆ ಸಾಕ್ಷಿಯಾಗಿ ಒಂದು ತಿದ್ದುಪಡಿಯನ್ನು ಹೇಳಲೇಬೇಕು. ಕಥೆಯಲ್ಲಿ ಗಾಳಿಯಂತ್ರ ಸ್ಫೋಟಗೊಂಡಾಗ, ಸ್ಟಾಲಿನ್‌ನನ್ನು ಸೂಚಿಸುವ ಹಂದಿನಾಯಕ ನೆಪೋಲಿಯನ್ ಸೇರಿ ಎಲ್ಲ ಪ್ರಾಣಿಗಳೂ ನೆಲಕ್ಕೆ ಬಿದ್ದವೆಂದಿದ್ದುದನ್ನು, ಜರ್ಮನ್ನರು ಮುನ್ನುಗ್ಗಿದಾಗಲೂ ಸ್ಟಾಲಿನ್ ಮಾಸ್ಕೋ ಬಿಡಲಿಲ್ಲವೆಂಬ ಕಾರಣಕ್ಕೆ, ನೆಪೋಲಿಯನ್ ಹೊರತು ಎಂದು ಅವರು ಬದಲಿಸಿದರು.

1936ರಿಂದೀಚೆಗೆ ತಾವು ಗಂಭೀರವಾಗಿ ಬರೆದದ್ದೆಲ್ಲ ಸರ್ವಾಧಿಕಾರದ ವಿರುದ್ಧ ಮತ್ತು ಪ್ರಜಾಸತ್ತಾತ್ಮಕ ಸಮಾಜವಾದದ ಪರ ಎಂದು ಆರ್ವೆಲ್ ಸಾರಿದ 1946ರ 'ವೈ ಐ ರೈಟ್' ಪ್ರಬಂಧವನ್ನೂ ಇದರೊಡನೆ ಸೇರಿಸಬೇಕಿತ್ತು. ಅದನ್ನು ಓದುಗರು ಬೇರೆಡೆ ಹುಡುಕಿ ಓದಬೇಕಾಗುತ್ತದೆ.